ಇಲ್ಲದ ಹುಡುಗಿಯ ಬಟ್ಟೆಗಳು

ಇದನ್ನ ಯಾರಿಗೂ ಹೇಳಬೇಡ ಅಂತ ನನಗೆ ಮೂರು ಜನ ಹೇಳಿದ್ದಾರೆ. ಮೂರೂ ಜನ ನಮ್ಮನೇಲೇ ಇರೋದು. ಅಮ್ಮ ಹೇಳಿದ್ದು, "ಅಜ್ಜಿಗೆ ಗೊತ್ತಾಗಬಾರದು." ಅಪ್ಪ ಹೇಳಿದ್ದು, "ಅಮ್ಮನಿಗೆ ಗೊತ್ತಾಗಬಾರದು." ಅಜ್ಜಿ ಹೇಳಿದ್ದು, "ಅವರಿಬ್ಬರಿಗೂ ಗೊತ್ತಾಗಬಾರದು." ನಾನು ಜಾಸ್ತಿ ಮಾತಾಡಲ್ಲ, ಯಾವಾಗ್ಲೂ ಮೂಲೇಲಿ ಪುಸ್ತಕ ಹಿಡ್ಕೊಂಡು ಕೂತಿರ್ತೀನಿ ಅಂತ ಎಲ್ಲರೂ ಅವರವರ ಗುಟ್ಟನ್ನ ನನ್ನ ಹತ್ರಾನೇ ತಂದು ಬಿಡ್ತಾರೆ, ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟ ಹಾಗೆ.

ಈಗ ಹೇಳ್ತಿದೀನಿ. ಇದೇ ಮೊದಲನೇ ಸಲ. ಹೇಳೋವಾಗ್ಲೂ ಕಿವಿ ಬಿಸಿ ಆಗ್ತಿದೆ. ಹಳೇ ಬಟ್ಟೆ ವಿಷಯದಲ್ಲಿ ನಮ್ಮನೆಗೆ ಏನೋ ಒಂದು ಗ್ರಹಚಾರ ಇದೆ, ಒಂದು ಮುಗೀತು ಅನ್ನೋದರೊಳಗೆ ಇನ್ನೊಂದು ಆಗುತ್ತೆ. ಬೇರೆಯವರು ಬಟ್ಟೆ ಹಾಕ್ಕೊಂಡ್ರೆ ಮಾನ ಉಳಿಯುತ್ತೆ, ನಾವು ಹಾಕ್ಕೊಂಡ್ರೆ ಹೋಗುತ್ತೆ.

ಮೊದಲು ಅಜ್ಜಿ ವಿಷಯ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಅಪ್ಪನ ಅಮ್ಮ. ತುಂಬಾ ಮಡಿ. ಮೊದಲು ಮೈಸೂರಲ್ಲಿ ದೊಡ್ಡಪ್ಪನ ಮನೇಲಿದ್ರು. ಅಲ್ಲಿ ದೊಡ್ಡಪ್ಪನ ಮಗಳ ರಿಸೆಪ್ಷನ್‌ಗೆ ಲೆಹೆಂಗಾ ಬಾಡಿಗೆಗೆ ತಂದಿದ್ರಂತೆ. ಅಜ್ಜಿ ಅದರ ಅಂಚು ಮುಟ್ಟಿ, "ಏನು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಅಂತ ಕೇಳಿದಾಗ ಯಾರೋ ಬಾಯಿಬಿಟ್ಟು ಬಾಡಿಗೆದು ಅಂದುಬಿಟ್ರು. ಅಜ್ಜಿ ಅವತ್ತೇ ತಣ್ಣೀರು ಸುರ್ಕೊಂಡು, ಟ್ರಂಕ್ ಕಟ್ಟಿ, ಚೆನ್ನೈ ಟ್ರೈನ್ ಹತ್ತಿ ನಮ್ಮನೆಗೆ ಬಂದ್ರು. ಬಾಗಿಲಲ್ಲೇ ನಿಂತು ಹೇಳಿದ್ರು, "ಯಾರೋ ಹಾಕಿ ಬಿಟ್ಟ ಬಟ್ಟೆ ಇರೋ ಮನೇಲಿ ನಾನು ಒಂದು ಲೋಟ ನೀರೂ ಕುಡಿಯಲ್ಲ. ಇಲ್ಲೂ ಹಾಗೇ ಅಂದ್ರೆ ಈಗ್ಲೇ ಹೇಳಿ, ಸೀದಾ ಮಠಕ್ಕೆ ಹೋಗಿ ಇದ್ದುಬಿಡ್ತೀನಿ."

ನನಗೂ ಅಜ್ಜಿಗೂ ಒಂದೇ ರೂಮು. ನಮ್ಮ ಸ್ಕೂಲಲ್ಲಿ ಕನ್ನಡ ಇಲ್ಲ, ಅಕ್ಷರ ಕಲಿಸಿದ್ದು ಅಜ್ಜಿ. ಹೊರಗೆ ಯಾರಾದ್ರೂ ಏನಾದ್ರೂ ಕೇಳಿದ್ರೆ ನನ್ನ ಬಾಯಿಂದ ಬರೋದು ಬರೀ "ಹ್ಞೂಂ." ಅಜ್ಜಿ ಹತ್ರ ಮಾತ್ರ ನಾನು ನಿಲ್ಲಿಸದೆ ಮಾತಾಡ್ತೀನಿ, ಓದಿದ ಕತೆ ಎಲ್ಲ ಹೇಳ್ತೀನಿ. ಅವರು ಮಠಕ್ಕೆ ಹೋದ್ರೆ ನಾನು ಮೂಗೀನೇ. ಅದಕ್ಕೇ ಮೂರು ಗುಟ್ಟನ್ನೂ ನುಂಗಿಕೊಂಡು ಕೂತಿದ್ದೆ.

ಕೆಲಸದೋಳ ಮಗಳು

ನಾವಿರೋದು ಚೆನ್ನೈನ ವೇಲಚೇರಿಲಿ, ಗ್ರೌಂಡ್ ಫ್ಲೋರು. ಅಷ್ಟು ಹೇಳಿದ್ರೆ ಈ ಊರಿನವರಿಗೆ ಮಿಕ್ಕಿದ್ದು ತಾನಾಗೇ ಗೊತ್ತಾಗುತ್ತೆ. ಎರಡು ವರ್ಷದ ಹಿಂದಿನ ಮಳೇಲಿ ನೀರು ನೆಂಟರ ಹಾಗೆ ಮುಂಬಾಗಿಲಿಂದಾನೇ ಬಂತು. ಫ್ರಿಜ್ಜು, ವಾಷಿಂಗ್ ಮಷೀನು, ಸೋಫಾ ಎಲ್ಲ ಒಟ್ಟಿಗೆ ಹೋಯ್ತು. ಬೀರುವಿನ ಕೆಳಗಿನ ಅರೇಲಿದ್ದ ಬಟ್ಟೆನೂ ಹೋಯ್ತು. ಅದರಲ್ಲಿ ಅಜ್ಜಿಯ ಒಂಬತ್ತು ಗಜದ ಪಟ್ಟೆ ಸೀರೆ, ಅಂದ್ರೆ ರೇಷ್ಮೆದು, ಒಂದಿತ್ತು. ಅಜ್ಜಿ ಕಚ್ಚೆ ಹಾಕಿ ಅದನ್ನ ಉಟ್ಕೊಂಡೇ ಮಡೀಲಿ ಅಡುಗೆ ಮಾಡೋದು. "ಹತ್ತಿಗೆ ಮೈಲಿಗೆ ಬೇಗ ಅಂಟುತ್ತೆ, ಪಟ್ಟೆಗೆ ಮೈಲಿಗೆ ಇಲ್ಲ" ಅನ್ನೋದು ಅವರ ಶಾಸ್ತ್ರ. ಅದನ್ನ ಕೆಳಗಿನ ಅರೇಲಿ ಇಟ್ಟಿದ್ದು ಅಮ್ಮ. ಅಜ್ಜಿ ಒಂದು ಮಾತೂ ಅನ್ನಲಿಲ್ಲ. ಅದೇ ಅಮ್ಮನಿಗೆ ಜಾಸ್ತಿ ಚುಚ್ಚಿದ್ದು.

ಹಾಳಾದ ಸಾಮಾನೆಲ್ಲ ಮತ್ತೆ ತಗೋಬೇಕಾದಾಗ ಬಟ್ಟೆ ಸಾಲಿನ ಕೊನೇಲಿ ನಿಂತಿತ್ತು. ಆಗ ಅಮ್ಮನಿಗೆ ಈ ಅಂಗಡಿ ಸಿಕ್ಕಿದ್ದು. ಸ್ಟೇಷನ್ ಹಿಂದೆ ಒಂದು ಹಳೇ ಮನೆಯ ಮಹಡಿ ಮೇಲೆ, ಒಬ್ಬ ಅಕ್ಕ ನಡೆಸೋದು. ಜನ ತಂದುಕೊಡೋ ಬಟ್ಟೆನ ಒಗೆಸಿ, ಇಸ್ತ್ರಿ ಮಾಡಿಸಿ, ಹ್ಯಾಂಗರ್‌ಗೆ ಹಾಕಿ ಮಾರ್ತಾರೆ. ಆ ಮನೆಯ ದೇವರ ಮನೇನೇ ಈಗ ಟ್ರಯಲ್ ರೂಮು. ಬಾಗಿಲ ತುಂಬಾ ಸಣ್ಣ ಸಣ್ಣ ಹಿತ್ತಾಳೆ ಗಂಟೆ. ಹಿಂದೆ ದೇವರಿದ್ದ ಜಾಗ ಅಂತ ಅಕ್ಕ ಚಪ್ಪಲಿ ಹೊರಗೇ ಬಿಡಿಸ್ತಾರೆ. ಒಳಗೆ ಹೋಗಿ ಪ್ಯಾಂಟ್ ಹಾಕ್ಕೊಂಡು ನೋಡಿದ್ರೂ ಹೊರಗೆ ಮಂಗಳಾರತಿ ಆದ ಹಾಗೆ ಕೇಳುತ್ತೆ.

ಮೊದಲನೇ ದಿನ ಅಕ್ಕ ತಮಿಳಲ್ಲಿ ಪ್ರೀತಿಯಿಂದ ಕೇಳಿದ್ರು, "ಯಾರಿಗೆ ಮೇಡಂ? ಮಗಳಿಗಾ?"

ಅಮ್ಮ ಇನ್ಶೂರೆನ್ಸ್ ಆಫೀಸಲ್ಲಿ ಇಪ್ಪತ್ತು ವರ್ಷ ಜನಕ್ಕೆ ಉತ್ತರ ಕೊಟ್ಟೋಳು. ಆದ್ರೂ ಅವತ್ತು ಕೆಂಪಗಾಗಿಬಿಟ್ಲು. "ಅಯ್ಯೋ ಇಲ್ಲಪ್ಪ! ನಮ್ಮನೆ ಕೆಲಸದೋಳ ಮಗಳಿಗೆ. ಇವಳದ್ದೇ ಅಳತೆ. ಅದಕ್ಕೆ ಇವಳನ್ನ ಕರ್ಕೊಂಡು ಬಂದೆ."

ನಮ್ಮನೇಲಿ ಕೆಲಸದೋರು ಯಾರೂ ಇಲ್ಲ. ಅಜ್ಜಿ ಪಾತ್ರೆ ಮುಟ್ಟೋಕೆ ಯಾರನ್ನೂ ಬಿಡಲ್ಲ. ಆದ್ರೂ ನಾನು ಆ ಇಲ್ಲದ ಹುಡುಗಿ ಪರವಾಗಿ ಗಂಟೆ ಬಾರಿಸ್ಕೊಂಡು ಒಳಗೆ ಹೋಗಿ ಒಂದೊಂದೇ ಹಾಕಿ ತೋರಿಸಿದೆ.

"ಕೈ ಎತ್ತು ಕಣ್ಣು. ಆ ಹುಡುಗಿ ಕೆಲಸ ಮಾಡೋಳಲ್ವಾ, ಕಂಕಳಲ್ಲಿ ಬಿಗಿ ಇರಬಾರದು" ಅಂದ್ರು ಅಕ್ಕ. ತಮಿಳಲ್ಲಿ ಮುದ್ದಿನ ಮಕ್ಕಳನ್ನ ಕಣ್ಣು ಅಂತಾರೆ. ನಾನು ಕೈ ಎತ್ತಿದೆ.

ಎರಡನೇ ಸಲ ಹೋದಾಗ ಅಕ್ಕ ಕಾದಿದ್ದೋರ ಹಾಗೆ, "ಆ ಪಾಪದ ಹುಡುಗಿ ಓದ್ತಾಳಾ ಮೇಡಂ?" ಅಂದ್ರು. ಅಮ್ಮ, "ಓದ್ತಾಳೆ, ಚೆನ್ನಾಗಿ ಓದ್ತಾಳೆ" ಅಂದ್ಲು. ಮೂರನೇ ಸಲಕ್ಕೆ ಅಕ್ಕ ಅವಳಿಗೇ ಅಂತ ಒಂದು ಚೂಡಿದಾರ ಎತ್ತಿಟ್ಟು ದುಡ್ಡೇ ತಗೊಳ್ಳಲಿಲ್ಲ. ಅಮ್ಮನಿಗೆ ಗಾಬರಿ ಆಗಿ, ಋಣ ತೀರಿಸೋ ಹಾಗೆ, ಅವಳಿಗೆ ಇನ್ನೂ ಸ್ವಲ್ಪ ಬುದ್ಧಿ ಕೊಟ್ಲು. "ಲೆಕ್ಕದಲ್ಲಿ ತೊಂಬತ್ತೆಂಟು ತೆಗೆದಿದಾಳೆ."

ಅಕ್ಕನ ಕಣ್ಣಲ್ಲಿ ನೀರು. ನನ್ನ ಕಡೆ ತಿರುಗಿ, "ನೀನು ಎಷ್ಟಮ್ಮ?"

ನಾನು ಅರವತ್ತೊಂದು ಅಂದೆ.

ಅಕ್ಕ ಅಮ್ಮನ ಕೈ ಹಿಡ್ಕೊಂಡು ಸಮಾಧಾನ ಮಾಡಿದ್ರು. "ಬೇಜಾರು ಮಾಡ್ಕೋಬೇಡಿ ಮೇಡಂ. ಕಷ್ಟ ಗೊತ್ತಿರೋ ಮಕ್ಕಳೇ ಬೇರೆ."

ಮೆಟ್ಟಲಿಳಿದು ರಸ್ತೆಗೆ ಬರೋವರೆಗೂ ಅಮ್ಮ ನನ್ನ ಮುಖ ನೋಡ್ಲಿಲ್ಲ. ಆಮೇಲೆ, "ಅವಳಿಗೆ ತೊಂಬತ್ತೆಂಟು ಬರುತ್ತೆ, ನಿನಗೆ ಯಾಕೆ ಬರಲ್ಲ?" ಅಂದ್ಲು.

ಕೆನೆ ಬಣ್ಣದ ಶರ್ಟು

ಅಪ್ಪ ರೈಲ್ವೆಲಿ. ಗಿಂಡಿ ಹತ್ರ ಆಫೀಸು. ಅಮ್ಮನ ಅಂಗಡಿ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ, ಅಪ್ಪನ ಶುಕ್ರವಾರದ ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ. ಶುಕ್ರವಾರ ಪಲ್ಲಾವರಂ ಸಂತೆ, ಅಲ್ಲಿ ಹಳೇ ಸಾಮಾನು, ಹಳೇ ಬಟ್ಟೆ ಎಲ್ಲ ರಾಶಿ ಹಾಕಿ ಮಾರ್ತಾರೆ. ರಜೆ ಸಿಕ್ಕಿದ ಶುಕ್ರವಾರ ಅಪ್ಪ ನನ್ನನ್ನ "ಹಳೇ ಪುಸ್ತಕ ತೋರಿಸ್ತೀನಿ ಬಾ" ಅಂತ ಕರ್ಕೊಂಡು ಹೋಗ್ತಿದ್ರು. ಪುಸ್ತಕದ ರಾಶಿ ಹತ್ರ ನನ್ನ ಬಿಟ್ಟು, ತಾವು ಮೆಲ್ಲಗೆ ಶರ್ಟಿನ ರಾಶಿ ಕಡೆ ಜಾರೋರು.

ಒಂದ್ಸಲ ಒಳ್ಳೇ ಕೆನೆ ಬಣ್ಣದ ಶರ್ಟುಗಳು ಸಿಕ್ಕಿದ್ವು. ಕಾಲರ್ ಮಾತ್ರ ಮೆರೂನು. ಎಲ್ಲಾ ಒಂದೇ ತರ. "ಬಟ್ಟೆ ನೋಡು, ಬೆಣ್ಣೆ" ಅಂತ ನನ್ನ ಕೆನ್ನೆಗೆ ಒತ್ತಿ ತೋರಿಸಿದ್ರು. ಮನೇಲಿ ಆಫೀಸ್ ಸೊಸೈಟಿಲಿ ರಿಯಾಯಿತಿ ಅಂದ್ರು. ಅಮ್ಮನೂ ಬಟ್ಟೆ ಮುಟ್ಟಿ ನೋಡಿ ಮೆಚ್ಚಿದ್ಲು.

ಅದನ್ನ ಹಾಕ್ಕೊಂಡು ಅಪ್ಪ ಆಫೀಸಿನವರೊಬ್ಬರ ಮಗಳ ಮದುವೆಗೆ ಹೊರಟ್ರು, ಜೊತೆಗೆ ನಾನು. ಊಟದ ಹಾಲ್ ಒಳಗೆ ಕಾಲಿಟ್ಟ ತಕ್ಷಣ ನಾನು ನಿಂತುಬಿಟ್ಟೆ. ಎಲೆಗಳ ಮಧ್ಯೆ ಓಡಾಡಿಕೊಂಡು ಬಡಿಸ್ತಿದ್ದೋರೆಲ್ಲ ಕೆನೆ ಬಣ್ಣದ ಶರ್ಟು, ಮೆರೂನ್ ಕಾಲರ್.

"ಅಪ್ಪಾ, ಹೋಗೋಣ" ಅಂದೆ.

ಅಷ್ಟರಲ್ಲಿ ಒಬ್ಬ ಮಾಮಾ ಅಪ್ಪನ ತೋಳು ಎಳೆದು, "ಏನಪ್ಪಾ, ಸಾಂಬಾರ್ ಕೇಳಿ ಎಷ್ಟು ಹೊತ್ತಾಯ್ತು!" ಅಂದ್ರು. ನಮ್ಮಪ್ಪ ಯಾರಿಗೂ ಇಲ್ಲ ಅನ್ನೋರಲ್ಲ. ಪಕ್ಕದಲ್ಲಿದ್ದ ಬಕೆಟ್ಟು ಎತ್ಕೊಂಡು ಬಡಿಸಿದ್ರು. ಅವರ ಪಕ್ಕದೋರು ಕೇಳಿದ್ರು, ಅವರಿಗೂ ಬಡಿಸಿದ್ರು. ಹಾಗೇ ಸಾಲಿನ ಕೊನೇವರೆಗೂ ಹೋದ್ರು. ಅಲ್ಲಿ ಕೂತಿದ್ದು ಅಪ್ಪನ ದೊಡ್ಡ ಸಾಹೇಬರು.

ಸಾಹೇಬರು ತಲೆ ಎತ್ತಿ, "ಏನ್ರೀ, ನೀವು ಹುಡುಗಿ ಕಡೆಯೋರಾ?" ಅಂದ್ರು.

"ಹ್ಞೂಂ ಸಾರ್, ಹತ್ತಿರದ ಸಂಬಂಧ" ಅಂದುಬಿಟ್ರು ಅಪ್ಪ. ಒಂದು ಸಲ ಹಾಗಂದ ಮೇಲೆ ಬಕೆಟ್ ಕೆಳಗಿಡೋ ಹಾಗಿಲ್ಲ. ಪಾಯಸ ಬಂತು, ಬಡಿಸಿದ್ರು. ಅನ್ನ ಬಂತು, ಬಡಿಸಿದ್ರು. ಮುಂದಿನ ಪಂಕ್ತಿಗೆ ಇನ್ನೊಬ್ಬ ಹುಡುಗ ಉಪ್ಪು ಹಾಕದೆ ಮುಂದೆ ಹೋಗ್ತಿದ್ದಾಗ, "ಎಲೆಗೆ ಮೊದಲು ಉಪ್ಪು ಕಣೋ!" ಅಂತ ಗದರಿದ್ರು ಬೇರೆ. ನಾನು ಕಂಬದ ಹಿಂದೆ ನಿಂತು ಕೈಲಿದ್ದ ಪುಸ್ತಕದಿಂದ ಮುಖ ಮುಚ್ಕೊಂಡೆ.

ಕೊನೇಗೆ ನಾವು ಊಟ ಮಾಡದೇನೇ ಹೊರಗೆ ಬಂದ್ವಿ. ಹಿಂದಿಂದ ಅಡುಗೆ ಕಾಂಟ್ರಾಕ್ಟರು ಓಡಿ ಬಂದು ಅಪ್ಪನ ಹೆಗಲ ಮೇಲೆ ಕೈಹಾಕಿದ್ರು. "ಅಣ್ಣೇ, ನೀವು ಯಾವ ಬ್ಯಾಚು? ಇಷ್ಟು ಅಚ್ಚುಕಟ್ಟಾಗಿ ಬಡಿಸೋರು ಈಗ ಸಿಕ್ಕಲ್ಲ. ಭಾನುವಾರ ತಾಂಬರಂನಲ್ಲಿ ಎರಡು ಮುಹೂರ್ತ ಇದೆ, ಬಂದುಬಿಡಿ."

ಅಪ್ಪ ಮನೆವರೆಗೂ ಬೆರಳಲ್ಲಿ ಏನೋ ಲೆಕ್ಕ ಹಾಕ್ತಾ ಬಂದ್ರು. ಗೇಟ್ ಹತ್ರ ನಿಂತು ಕೇಳಿದ್ರು, "ಭಾನುವಾರ ನನಗೆ ಡ್ಯೂಟಿ ಇದೆಯಾ?"

ಲೈಬ್ರರಿಯಿಂದ ಬಂದಿದ್ದು

ಇದರಲ್ಲಿ ಹೋಗಿದ್ದು ಪೂರ್ತಿ ನನ್ನದೇ ಮಾನ.

ಒಂದ್ಸಲ ಅಮ್ಮನಿಗೆ ಬರೋಕಾಗದೆ ನನ್ನೊಬ್ಬಳನ್ನೇ ಅಂಗಡಿಗೆ ಕಳಿಸಿದ್ಲು. ಅಜ್ಜಿಗೆ ಲೈಬ್ರರಿ ಅಂತ ಹೇಳಿ ಹೋದೆ. ನೀಲಿ ಕುರ್ತಾ ಹಾಕ್ಕೊಂಡಿದ್ದೆ. ಟ್ರಯಲ್ ರೂಮಲ್ಲಿ ಮೊಳೆ ಇಲ್ಲ, ನನ್ನ ನೀಲಿ ಕುರ್ತಾ ತೆಗೆದು ಬಾಗಿಲ ಮೇಲೆ ಹಾಕಿ, ಅಕ್ಕ ಕೊಟ್ಟಿದ್ದನ್ನ ಹಾಕ್ಕೊಂಡೆ. ಅದು ಕುಂಕುಮದ ಕೆಂಪು, ಎದೆ ತುಂಬಾ ಕನ್ನಡಿ. ನಾನು ಅಂಥದ್ದು ಯಾವತ್ತೂ ಹಾಕ್ಕೊಳ್ಳಲ್ಲ. ಹಾಕ್ಕೊಂಡಿರೋದನ್ನ ನೋಡೋಕೂ ನಾಚಿಕೆ ಆಗಿ ಸ್ವಲ್ಪ ಹೊತ್ತು ಗೋಡೆ ಕಡೆ ತಿರುಗಿ ನಿಂತಿದ್ದೆ. ತಿರುಗಿ ನೋಡಿದ್ರೆ ಬಾಗಿಲ ಮೇಲೆ ನೀಲಿ ಕುರ್ತಾ ಇಲ್ಲ.

ಬಾಗಿಲು ಸ್ವಲ್ಪ ತೆಗೆದು, "ಅಕ್ಕಾ, ಇಲ್ಲೊಂದು ನೀಲಿ..." ಅಂದೆ.

"ಅದಾ? ನೀನು ಬೇಡ ಅಂತ ಹಾಕಿದ್ದು ಅಂದ್ಕೊಂಡೆ ಕಣ್ಣು. ಹ್ಯಾಂಗರ್‌ಗೆ ಹಾಕೋದರೊಳಗೆ ಒಬ್ಬಳು ಬಂದು ತಗೊಂಡು ಹೋದ್ಲು. ಒಳ್ಳೇ ವ್ಯಾಪಾರ!"

ಅದು ನನ್ನದು ಅನ್ನಬೇಕಿತ್ತು. ಅನ್ನಲಿಲ್ಲ. ಬಾಯಿಗೆ ಬಂದಿದ್ದು "ಹ್ಞೂಂ." ಅಕ್ಕ ಇನ್ನೂ ಖುಷಿಯಾಗಿ, ಅದನ್ನ ತಗೊಂಡ ಹುಡುಗಿ ಕೊನೇಲಿ ಸ್ವಲ್ಪ ಚೌಕಾಸಿ ಮಾಡಿದ್ಲು, "ಬಟ್ಟೆ ಹಳೇದು" ಅಂದ್ಲು ಅಂತಾನೂ ಹೇಳಿದ್ರು. ಅದು ನನ್ನ ಹತ್ರ ಇದ್ದಿದ್ದರಲ್ಲಿ ಒಂದೇ ಒಂದು ಹೊಸಾದು.

ಕನ್ನಡಿ ಕುರ್ತಾ ಹಾಕ್ಕೊಂಡೇ ವೇಲಚೇರಿ ಮೇನ್ ರೋಡಲ್ಲಿ ನಡ್ಕೊಂಡು ಬಂದೆ. ಬಿಸಿಲು ಬಿದ್ದು ಎದುರಿಗೆ ಬರೋ ಗಾಡಿಯೋರೆಲ್ಲ ಕಣ್ಣು ಮುಚ್ಚಿಕೊಳ್ತಿದ್ರು.

ಅಜ್ಜಿ ಬಾಗಿಲಲ್ಲೇ ಇದ್ರು. ಮೇಲಿಂದ ಕೆಳಗೆ ನೋಡಿದ್ರು. "ನೀಲಿಲಿ ಹೋದೆ, ಕೆಂಪಲ್ಲಿ ಬಂದೆಯಲ್ಲೇ ಪುಟ್ಟಿ. ಲೈಬ್ರರಿಲಿ ಈಗ ಬಟ್ಟೆನೂ ಎರವಲು ಕೊಡ್ತಾರಾ?"

"ಹ್ಞೂಂ" ಅಂದೆ.

"ಹಾಗಾದ್ರೆ ಬೇಗ ವಾಪಸ್ ಕೊಟ್ಟುಬಿಡು. ಕಣ್ಣು ಕುಕ್ಕುತ್ತೆ."

ಆಚಾರವಂತ ಅಂಗಡಿ

ಯಾವ ಹೊಸ ಬಟ್ಟೆ ಬಂದ್ರೂ ನಮ್ಮನೇಲಿ ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದೆ ಇಟ್ಟು, ಆಮೇಲೆ ಹಾಕ್ಕೊಳ್ಳೋದು. ಅಮ್ಮ ತುಂಬಾ ಜಾಗ್ರತೆ. ಅಂಗಡಿಯಿಂದ ತಂದಿದ್ದನ್ನ ಯಾವುದೋ ಹಳೇ ಪ್ಲಾಸ್ಟಿಕ್ ಕವರಿಗೆ ತುಂಬಿ, ಒಳಗೆ ರಟ್ಟು ಇಟ್ಟು, ಗುಂಡುಸೂಜಿ ಚುಚ್ಚಿ ಹೊಸಾದರ ಹಾಗೆ ಮಾಡ್ತಿದ್ಲು. ಅಜ್ಜಿ ಎದುರಿಗೇ ಆ ಸೂಜಿ ಒಂದೊಂದೇ ಕಿತ್ತು, ಅರಿಶಿನ ಹಚ್ಚೋಳು. ನಾಟಕದೋರು ಕೂಡ ಅಷ್ಟು ಚೆನ್ನಾಗಿ ಮಾಡಲ್ಲ.

ಈ ವರ್ಷ ಗೋಕುಲಾಷ್ಟಮಿ ಹತ್ರ ಬಂದಾಗ ನನಗೊಂದು ಹಸಿರು ಕುರ್ತಾ ಬಂತು. ಸೂಜಿ ಕಿತ್ತಾಯ್ತು. ಅಮ್ಮ ಅರಿಶಿನದ ಬಟ್ಟಲಿಗೆ ಬೆರಳದ್ದಿದ್ಲು. ಅಜ್ಜಿ ಕನ್ನಡಕ ಹಾಕ್ಕೊಂಡು ಮೂಲೆ ತಿರುಗಿಸಿದ್ರು.

"ಇದೇನೇ, ಆಗ್ಲೇ ಅರಿಶಿನ ಹಚ್ಚಿದೆ?"

ನಿಜವಾಗ್ಲೂ ಇತ್ತು. ಮಾಸಿದ ಹಳದಿ ಗುರುತು. ಇದನ್ನ ಮೊದಲು ಹಾಕ್ಕೊಂಡಿದ್ದ ಮನೇಲೂ ನಮ್ಮ ಹಾಗೇ ಯಾರೋ ಅಜ್ಜಿ ಇದ್ದಿರಬೇಕು. ಅಮ್ಮನ ಬೆರಳಿಂದ ಅರಿಶಿನ ನೆಲಕ್ಕೆ ತೊಟ್ಟಿಕ್ಕಿತು.

"ಈಗ... ಅಂಗಡಿಯೋರೇ ಹಚ್ಚಿ ಕೊಡ್ತಾರೆ ಅತ್ತೆ."

"ಅಂಗಡಿಯೋರೇ?"

"ಹ್ಞೂಂ ಅತ್ತೆ. ತುಂಬಾ ಆಚಾರವಂತರು. ದೇವರ ಮುಂದೆ ಇಟ್ಟು ಆಮೇಲೇನೇ ಮಾರೋದು."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಜ್ಜಿ ಮುಖ ಅರಳಿದ್ದು ನೋಡಿ ಅಮ್ಮ ಇನ್ನೂ ಒಂದು ಸೇರಿಸಿದ್ಲು. "ಚಪ್ಪಲಿ ಕೂಡ ಹೊರಗೇ ಬಿಡಬೇಕು."

ಮಾರನೇ ದಿನ ದೇವಸ್ಥಾನದಿಂದ ಬಂದ ಅಜ್ಜಿ ಸೀದಾ ಅಮ್ಮನ ಮುಂದೆ ನಿಂತ್ರು. "ಆ ಅಂಗಡಿ ಎಲ್ಲಿ ಅಂತ ಹೇಳು. ಅಲ್ಲಿ ಹೆಂಗಸರೆಲ್ಲ ಕೇಳ್ತಿದಾರೆ, ಎಲ್ಲರೂ ಸೇರಿ ವ್ಯಾನ್ ಮಾಡ್ಕೊಂಡು ಹೋಗ್ತಾರಂತೆ."

ಅಮ್ಮನಿಗೆ ಕುಡೀತಿದ್ದ ಕಾಫಿ ನೆತ್ತಿಗೇರಿತು. "ಅದು... ಅದು ಮುಚ್ಚಿಹೋಯ್ತು ಅತ್ತೆ."

"ನಿನ್ನೆ ತಂದೆ, ಇವತ್ತು ಮುಚ್ಚಿಹೋಯ್ತಾ?"

"ಆಚಾರವಂತರಲ್ವಾ ಅತ್ತೆ. ವ್ಯಾಪಾರ ಆಗ್ಲಿಲ್ಲ."

ದೇವರ ಮನೆ ಬಾಗಿಲು

ಅಜ್ಜಿ ಅದನ್ನ ನಂಬಿದ್ರು. ನಂಬಿದ್ದೇ ತಪ್ಪಾಯ್ತು. ಅಂಥ ಪುಣ್ಯಾತ್ಮರು ಅಂಗಡಿ ಮುಚ್ಚೋ ಹಾಗಾಯ್ತಲ್ಲ ಅಂತ ಅವರಿಗೆ ಊಟ ಸೇರಲಿಲ್ಲ.

ಮಧ್ಯಾಹ್ನ ನನ್ನನ್ನ ರೂಮಿಗೆ ಕರೆದು, ಹಾಸಿಗೆ ಕೆಳಗಿಂದ ಒಂದು ಬಟ್ಟೆ ಚೀಲ ತೆಗೆದ್ರು. ಅಕ್ಕನ ಅಂಗಡಿದು. ಹಸಿರು ಕುರ್ತಾ ಬಂದ ದಿನ ಅಮ್ಮ ಕಸಕ್ಕೆ ಹಾಕಿದ್ದನ್ನ ಅಜ್ಜಿ ಗಟ್ಟಿ ಚೀಲ ಅಂತ ಎತ್ತಿ, ಒಗೆದು ಇಟ್ಕೊಂಡಿದ್ರು. ಮೇಲೆ ತಮಿಳಲ್ಲಿ ಬೀದಿ ಹೆಸರು. ಅಜ್ಜಿ ಚಿಕ್ಕೋರಿದ್ದಾಗ ಮದರಾಸಲ್ಲೇ ಓದಿದ್ದು, ತಮಿಳು ನನಗಿಂತ ಚೆನ್ನಾಗಿ ಬರುತ್ತೆ.

"ಅವರು ಸಾಮಾನೆಲ್ಲ ಖಾಲಿ ಮಾಡೋಕೆ ಮುಂಚೆ ನಾವಾದ್ರೂ ಹೋಗಿ ಒಂದು ಸೀರೆ ತಗೋಳೋಣ. ಅಷ್ಟಮಿಗೆ ಉಂಡೆ, ಚಕ್ಕುಲಿ ಎಲ್ಲ ಮಡೀಲಿ ಮಾಡಬೇಕು, ನನ್ನ ಹತ್ರ ಉಳಿದಿರೋ ಇನ್ನೊಂದು ಹಳೇ ಪಟ್ಟೆ ಮಡಿಕೆ ಮಡಿಕೆಗೂ ಬಿರಿದುಹೋಗಿದೆ. ನಿಮ್ಮಪ್ಪನ್ನ ಕೇಳಿದ್ರೆ ಎಲ್ಲಾದ್ರೂ ಸಾಲ ಮಾಡ್ತಾನೆ. ನಿಮ್ಮಮ್ಮನ್ನ ಕೇಳಿದ್ರೆ ಆ ಕೆಳಗಿನ ಅರೆ ನೆನಪಾಗಿ ಅಳ್ತಾಳೆ. ಇಬ್ಬರಿಗೂ ಹೇಳಬೇಡ."

ಅಮ್ಮ ಆಫೀಸಲ್ಲಿ ಮೀಟಿಂಗ್, ಬರೋದು ತಡ ಅಂದಿದ್ಲು. ಅದೊಂದೇ ಧೈರ್ಯ. ಆಟೋದಲ್ಲಿ ದಾರಿ ಉದ್ದಕ್ಕೂ ನಾನು ಅಂದ್ಕೊಂಡಿದ್ದು ಒಂದೇ, ದೇವರೇ, ಅಂಗಡಿ ನಿಜವಾಗ್ಲೂ ಮುಚ್ಚಿರಲಿ. ಇರಲಿಲ್ಲ.

ಅಜ್ಜಿ ಮೆಟ್ಟಲು ಹತ್ತಿ ಒಳಗೆ ಬಂದ ತಕ್ಷಣ ಕಂಡಿದ್ದು ಗಂಟೆ ಬಾಗಿಲು. ಅದು ಮುಚ್ಚಿತ್ತು, ಒಳಗೆ ಯಾರೋ ಇದ್ರು.

"ನೋಡೇ ಪುಟ್ಟಿ! ಬಟ್ಟೆ ಅಂಗಡಿ ಒಳಗೇ ದೇವರ ಮನೆ!" ಅಂತ ಅಜ್ಜಿ ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ ಕೈ ಮುಗಿದ್ರು. ಒಳಗಿಂದ ಕಿಣಿಕಿಣಿ ಅಂತು. ಅಜ್ಜಿಗೆ ಮೈ ಜುಂ ಅಂದಿರಬೇಕು. ನನಗೂ ಅಂತು, ಆದ್ರೆ ಬೇರೆ ಕಾರಣಕ್ಕೆ. ಬಾಗಿಲ ಹೊರಗೆ ಬಿಟ್ಟಿದ್ದು ಅಮ್ಮನ ಚಪ್ಪಲಿ. ಬಾರು ಕಿತ್ತುಹೋಗಿದ್ದಕ್ಕೆ ಅಜ್ಜೀನೇ ಹಸಿರು ದಾರದಲ್ಲಿ ಹೊಲಿದುಕೊಟ್ಟಿದ್ದು.

ನಾನು ಅಜ್ಜಿ ಕಣ್ಣು ಬಿಡೋದರೊಳಗೆ ಚಪ್ಪಲಿ ಮುಂದೆ ಹೋಗಿ ನಿಂತ್ಕೊಂಡೆ. ಅಜ್ಜಿ ಹ್ಯಾಂಗರುಗಳನ್ನ ಸರಿಸಿ ನೋಡ್ತಾ, "ಒಂದರ ತರ ಇನ್ನೊಂದಿಲ್ಲ, ಎಲ್ಲಾ ಒಂದೊಂದೇ. ಎಷ್ಟು ಆರಿಸಿ ತರ್ತಾರೆ ನೋಡು" ಅಂದ್ರು. ಅಂಗಡಿ ಅಕ್ಕನಿಗೆ ಕಚ್ಚೆ ಉಟ್ಟ ಅಜ್ಜಿನ ನೋಡಿ ಸಂಭ್ರಮ. "ವಾಂಗ ಪಾಟಿ, ವಾಂಗ!" ಅಂತ ಅಜ್ಜಿನ ಕರೆದ್ರು. "ಏನು ಬೇಕು?"

"ಒಂಬತ್ತು ಗಜದ ಪಟ್ಟೆ ಇದೆಯಾಮ್ಮ?"

"ಒಂದೇ ಒಂದಿದೆ ಪಾಟಿ. ಆದ್ರೆ ಒಳಗಿರೋ ಮೇಡಂ ಆಗ್ಲೇ ಕೈಗೆ ತಗೊಂಡುಬಿಟ್ರು. ಅವರ ಅತ್ತೆಗಂತೆ. ಎಲ್ಲಾದ್ರೂ ಹರಿದಿದೆಯಾ ಅಂತ ಬಿಚ್ಚಿ ನೋಡ್ತಿದಾರೆ."

"ಹೊಸ ಸೀರೆ ಯಾಕಮ್ಮ ಹರಿದಿರುತ್ತೆ?" ಅಂದ್ರು ಅಜ್ಜಿ.

ಅಕ್ಕ ಉತ್ತರ ಹೇಳೋಕೆ ಮುಂಚೆ ನನ್ನ ಗುರುತು ಹಿಡಿದುಬಿಟ್ರು. "ಅಯ್ಯೋ, ನೀನಾ ಕಣ್ಣು! ಪಾಟಿ, ನೀವು ಇವಳ ಅಜ್ಜಿನಾ? ನಿಮ್ಮ ಸೊಸೆ ಮಹಾ ಪುಣ್ಯವಂತೆ. ಎರಡು ವರ್ಷದಿಂದ ಕೆಲಸದೋಳ ಮಗಳಿಗೆ ಇಲ್ಲಿಂದಾನೇ ಬಟ್ಟೆ. ಯಾರೋ ಹಾಕಿ ಬಿಟ್ಟಿದ್ದಾದ್ರೇನು, ಹೊಸಾದರ ಹಾಗೆ ಆರಿಸ್ತಾರೆ. ಆ ಹುಡುಗಿ ಲೆಕ್ಕದಲ್ಲಿ ತೊಂಬತ್ತೆಂಟು!"

"ನಮ್ಮನೇಲಿ ಕೆಲಸದೋಳೇ ಇಲ್ಲವಲ್ಲಮ್ಮ" ಅಂದ್ರು ಅಜ್ಜಿ.

ಅಜ್ಜಿ ನನ್ನ ಕಡೆ ತಿರುಗಿದ್ರು. ದುಪಟ್ಟಾ ನೋಡಿದ್ರು. ಹಸಿರು ಕುರ್ತಾ ನೋಡಿದ್ರು. ಬಗ್ಗಿ ಅದರ ಮೂಲೆ ಎತ್ತಿ ಆ ಮಾಸಿದ ಅರಿಶಿನ ನೋಡಿದ್ರು. ಬಗ್ಗಿದ್ದಕ್ಕೆ ನನ್ನ ಹಿಂದಿದ್ದ ಚಪ್ಪಲಿನೂ ಕಂಡಿತು. ಹಸಿರು ದಾರಾನೂ ಕಂಡಿತು. ನನ್ನ ಕಣ್ಣ ಮುಂದೆ ಟ್ರಂಕ್ ಬಂತು, ಮಠ ಬಂತು, ಖಾಲಿ ಮಂಚ ಬಂತು.

"ನಿಮ್ಮಪ್ಪನಿಗೆ ಗೊತ್ತಾ?" ಅಂದ್ರು ಮೆಲ್ಲಗೆ.

ಎರಡು ವರ್ಷ ಮುಚ್ಚಿದ್ದ ಬಾಯಿ. ಆಗ ಬಿಚ್ಚಬೇಕಿತ್ತಾ? "ಅಪ್ಪ ಇಲ್ಲಿಗೆ ಬರಲ್ಲ ಅಜ್ಜಿ" ಅಂದೆ. "ಅಪ್ಪ ಪಲ್ಲಾವರಂ."

ದೇವರ ಮನೆ ಒಳಗೆ ಗಂಟೆ ಜೋರಾಗಿ ಅಲ್ಲಾಡಿತು.

ಅಜ್ಜಿ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತ್ರು. ನನ್ನ ಕುರ್ತಾ ಮೂಲೆ ಇನ್ನೂ ಅವರ ಕೈಲೇ ಇತ್ತು, ಅದಕ್ಕೆ ನಾನೂ ಬಗ್ಗಿಕೊಂಡೇ ನಿಂತಿದ್ದೆ.

"ಎರಡು ವರ್ಷದಿಂದ ಇವನ್ನೇ ಹಾಕ್ಕೊಂಡು ನನಗೆ ನೀರು ಕೊಟ್ಟಿದೀಯ."

"ಹ್ಞೂಂ."

"ದ್ವಾದಶಿ ದಿನ ಎಲೆಗೆ ಬಡಿಸಿದೀಯ."

"ಹ್ಞೂಂ."

"ಕತೆ ಹೇಳ್ತಾ ಹೇಳ್ತಾ ನನ್ನ ತೊಡೆ ಮೇಲೇನೇ ನಿದ್ದೆ ಹೋಗಿದೀಯ."

ನನಗೆ ಹ್ಞೂಂ ಅನ್ನೋಕೂ ಆಗ್ಲಿಲ್ಲ.

ಅಜ್ಜಿ ಉಸಿರು ಬಿಟ್ರು. "ಹೋಗೋ ಮಡಿ ಎಲ್ಲ ಯಾವತ್ತೋ ಹೋಗಿದೆ. ಈಗ ಟ್ರಂಕ್ ಕಟ್ಕೊಂಡು ಹೋದ್ರೆ ಅದೇನು ಹಿಂದಿಂದ ಓಡಿ ಬರುತ್ತಾ? ಟ್ರಂಕ್ ಭಾರ ಬೇರೆ."

ಎದ್ದು ಹೋಗಿ ಬಾಗಿಲ ಮುಂದೆ ನಿಂತ್ರು. ಅಕ್ಕನಿಗೆ ಅರ್ಥ ಆಗಬಾರದು ಅಂತ ಕನ್ನಡದಲ್ಲೇ, ಆದ್ರೆ ಯಾರೋ ಗೊತ್ತಿಲ್ಲದೋರ ಹತ್ರ ಮಾತಾಡೋ ಹಾಗೆ ತುಂಬಾ ಮರ್ಯಾದೆಯಿಂದ ಶುರು ಮಾಡಿದ್ರು.

"ಒಳಗಿರೋರೇ, ನೀವು ಯಾರೋ ನನಗೆ ಗೊತ್ತಿಲ್ಲ. ನನ್ನ ಸೊಸೆ ಆಫೀಸಲ್ಲಿ ಮೀಟಿಂಗಲ್ಲಿದಾಳೆ. ಅವಳು ಅಷ್ಟಮಿಗೆ ನನಗೊಂದು ಹೊಸ ಪಟ್ಟೆ ತರ್ತಾಳೆ. ಹೊಸದು ಅಂತ ಅವಳು ಕೊಡ್ತಾಳೆ, ಹೊಸದು ಅಂತ ನಾನು ಉಟ್ಕೋತೀನಿ. ಪಟ್ಟೆಗೆ ಹೇಗೂ ಮೈಲಿಗೆ ಇಲ್ಲ. ಅರಿಶಿನ ಮಾತ್ರ ಅವಳೇ ಹಚ್ಚಲಿ, ಅಂಗಡಿಯೋರು ಹಚ್ಚಿದ್ದು ಸಾಕು."

ಅಜ್ಜಿ ಸೆರಗು ಸರಿ ಮಾಡ್ಕೊಂಡ್ರು.

"ಇಲ್ಲದ ಹುಡುಗಿಗೆ ಎರಡು ವರ್ಷ ಬಟ್ಟೆ ತಗೊಂಡಿದೀರಂತೆ. ಇಲ್ಲದ ಮುದುಕಿ ಒಬ್ಬಳು ಇವತ್ತು ಇಲ್ಲಿಗೆ ಬಂದಿದ್ಲು ಅಂತ ತಿಳ್ಕೊಳ್ಳಿ. ನಾನು ನಿಮ್ಮನ್ನ ನೋಡಿಲ್ಲ, ನೀವು ನನ್ನನ್ನ ನೋಡಿಲ್ಲ."

ಅಕ್ಕ ನನ್ನ ಪಕ್ಕ ಬಂದು ಪಿಸುಗುಟ್ಟಿದ್ರು, "ಪಾಟಿ ಯಾರ ಹತ್ರ ಮಾತಾಡ್ತಿದಾರೆ?"

"ದೇವರ ಹತ್ರ" ಅಂದೆ.

ಅಕ್ಕ ಭಕ್ತಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತ್ಕೊಂಡ್ರು. ಅಜ್ಜಿ ಬಾಗಿಲಿಗೆ ಇನ್ನೂ ಹತ್ರ ಹೋಗಿ, ಗಂಟೆಗಳ ಮಧ್ಯೆ ಬೆರಳು ತೂರಿಸಿ ಮೆಲ್ಲಗೆ ತಟ್ಟಿದ್ರು.

"ಹರಿದಿದೆಯಾ ಇಲ್ವಾ, ಅಷ್ಟೊಂದು ಹೇಳಿಬಿಡೇ. ಉಂಡೆಗೆ ಅಕ್ಕಿ ನೆನೆಹಾಕಬೇಕು."

ಗಂಟೆ ಎಲ್ಲ ಒಂದ್ಸಲ ಕಿಣಿ ಅಂದು ನಿಂತ್ವು. ಹರಿದಿಲ್ಲ ಅಂದ ಹಾಗಿತ್ತು.